ಅಕ್ರಿಲಿಕ್ ದ್ರವ ಮುಟ್ಟುವವರು ಎರಡು ಗ್ಲೌಸ್ ಹಾಕಿ
ಅಕ್ರಿಲಿಕ್ ಪುಡಿಗೆ ದ್ರವ ಬೆರೆಸುವಾಗ ಬರೀ ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಗ್ಲೌಸ್ ನಂಬಬೇಡಿ. ಒಳಗೆ ಲ್ಯಾಮಿನೇಟ್ ಫಿಲ್ಮ್ (ಹಲವು ಪದರಗಳ ತೆಳು ಪ್ಲಾಸ್ಟಿಕ್) ಗ್ಲೌಸ್, ಅದರ ಮೇಲೆ ಬಿಗಿಯಾದ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಆ ದ್ರವ, ಅಂದರೆ ಮೀಥೈಲ್ ಮೆಥಾಕ್ರಿಲೇಟ್, ತೆಳು ಲೇಟೆಕ್ಸ್, ವಿನೈಲ್, ನೈಟ್ರೈಲ್ ಮೂರನ್ನೂ ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತದೆ; ತೂತೇ ಬೇಕಿಲ್ಲ, ಹೊರಗೆ ಏನೂ ಕಾಣುವುದೂ ಇಲ್ಲ. ಫಿಲ್ಮ್ ಅದನ್ನು ತಡೆಯುತ್ತದೆ, ಆದರೆ ಸಡಿಲವಾಗಿ ಜಾರುತ್ತದೆ. ಮೇಲಿನ ನೈಟ್ರೈಲ್ ಅದನ್ನು ಬೆರಳಿಗೆ ಒತ್ತಿ ಹಿಡಿತ ಕೊಡುತ್ತದೆ. ದ್ರವ ತಾಗಿದ ನೈಟ್ರೈಲ್ ತಕ್ಷಣ ಬದಲಿಸಿ. ಚೂಪಾದ ಅಂಚಿಗೆ ಫಿಲ್ಮ್ ಹರಿದರೆ, ಇಲ್ಲವೇ ಮಣಿಕಟ್ಟಿನಿಂದ ದ್ರವ ಒಳಗೆ ಇಳಿದರೆ ಈ ಎರಡು ಗ್ಲೌಸ್ ಉಪಯೋಗಕ್ಕೆ ಬಾರವು. ಕೈಗೆ ತಾಗಿದರೆ ಸೋಪು, ನೀರು ಸಾಕು, ಸ್ಪಿರಿಟ್ ಬೇಡ. ಒಮ್ಮೆ ಅಲರ್ಜಿ ಹತ್ತಿತೆಂದರೆ ಆಮೇಲೆ ಚೂರು ತಾಗಿದರೂ ಚರ್ಮ ಕೆರಳುತ್ತದೆ, ಅದು ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಆವಿಗೆ ಮಾತ್ರ ಗ್ಲೌಸ್ ಉತ್ತರವಲ್ಲ, ಧೂಳಿನ ಮಾಸ್ಕೂ ಅಲ್ಲ. ಆವಿ ಗಾಳಿಗಿಂತ ಭಾರ, ಹಾಗಾಗಿ ಚಾವಣಿ ಹತ್ತಿರದ ಎಕ್ಸಾಸ್ಟ್ ಫ್ಯಾನ್‌ಗಿಂತ ಮೇಜಿನ ಮಟ್ಟದಲ್ಲಿ, ಮುಖದಿಂದ ಆಚೆಗೆ ಎಳೆಯುವ ಸಕ್ಷನ್ ಬೇಕು. ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳುತ್ತದೆ, ಬರ್ನರ್ ಪಕ್ಕದಲ್ಲಿ ಬೆರೆಸಲೇಬೇಡಿ.