ದುಬೈಗೆ ಹೊಸದಾಗಿ ಬಂದವರಿಗೆ: ಲಾಟರಿ ಹೊಡೆದಿದೆ ಅಂತ ಫೋನ್ ಬಂದರೆ

ಬಜ್ಪೆಯಲ್ಲಿ ವಿಮಾನ ಹತ್ತಿ ಬಂದ ನಮ್ಮೂರ ಹುಡುಗರ ಫೋನು ಇವತ್ತೋ ನಾಳೆಯೋ ರಿಂಗಾಗುತ್ತದೆ. "ನಿಮ್ಮ ಸಿಮ್ ನಂಬರಿಗೆ ಎರಡು ಲಕ್ಷ ದಿರ್ಹಮ್ ಬಹುಮಾನ ಬಂದಿದೆ." ಹಿಂದಿಯಲ್ಲಿ ಮಾತು, ಮರ್ಯಾದೆಯೂ ಜಾಸ್ತಿ.

ನನ್ನ ರೂಮಿನಲ್ಲಿದ್ದ ಕಾಪುವಿನ ಹುಡುಗನಿಗೂ ಬಂದಿತ್ತು. ಫೈಲ್ ಚಾರ್ಜಿಗೆ ರೀಚಾರ್ಜ್ ಕಾರ್ಡ್ ತನ್ನಿ ಅಂದರಂತೆ. ಕೆಳಗಿನ ಗ್ರೋಸರಿಯಲ್ಲಿ ತಂದು, ಮೆಟ್ಟಿಲ ಮೇಲೆ ಕೂತು, ನಾಣ್ಯದಲ್ಲಿ ಕೆರೆದು ಒಂದೊಂದೇ ನಂಬರ್ ಓದಿ ಹೇಳಿದ. "ಯಾರಿಗೂ ಹೇಳಬೇಡಿ, ಲೈನ್ ಕಟ್ ಮಾಡಬೇಡಿ" ಅಂದಿದ್ದರಿಂದ ರೂಮಿನೊಳಗೆ ಬರಲೇ ಇಲ್ಲ. ಐದನೇ ಕಾರ್ಡಿಗೆ ಇವನ ದುಡ್ಡು ಮುಗಿಯಿತು. ಲೈನ್ ಅವರೇ ಕಟ್ ಮಾಡಿದರು.

ಅವನು ದಡ್ಡನಲ್ಲ ಮಾರಾಯ್ರೇ. ಇಲ್ಲಿ ನಿಜವಾದ ಡ್ರಾಗಳೂ ಉಂಟು. ಅಬುಧಾಬಿಯ ಬಿಗ್ ಟಿಕೆಟ್ 1992ರಿಂದ ಇದೆ, ದುಬೈ ಡ್ಯೂಟಿ ಫ್ರೀಯ ಮಿಲೆನಿಯಂ ಮಿಲಿಯನೇರ್ ಡ್ರಾ 1999ರಿಂದ. ಇಂಡಿಯಾದವರಿಗೆ ಹೊಡೆದ ಸುದ್ದಿ ಪೇಪರಿನಲ್ಲಿ ಓದಿರುತ್ತೇವೆ, ಅಲ್ವಾ? ಆದರೆ ಅವರೆಲ್ಲ ಟಿಕೆಟ್ ತೆಗೆದುಕೊಂಡವರು. ತೆಗೆದುಕೊಳ್ಳದ ಟಿಕೆಟಿಗೆ ಯಾರು ಸುಮ್ನೆ ದುಡ್ಡು ಕೊಡುತ್ತಾರೆ? ಗೆದ್ದವರ ಹತ್ತಿರ ಮೊದಲು ದುಡ್ಡು ಕೇಳಿದರೆ ಅಲ್ಲಿಗೇ ಫೋನ್ ಇಡಿ. ಟ್ಯಾಕ್ಸ್ ಅಂದರೂ ಅಷ್ಟೇ. ನಮ್ಮ ದೇಶದಲ್ಲಿ ಲಾಟರಿಗೆ 30 ಶೇಕಡಾ ತೆರಿಗೆ ಇದೆ ನಿಜ, ಅದನ್ನು ಬಹುಮಾನದಲ್ಲೇ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ.

ಊರಿನಲ್ಲಿರುವವರಿಗೂ ಹೇಳಿಡಿ. ಉಡುಪಿಯಲ್ಲಿ ನಮ್ಮ ಅಮ್ಮನಿಗೆ ವಾಟ್ಸಾಪಿನಲ್ಲಿ ಅಮಿತಾಭ್ ಬಚ್ಚನ್ ಫೋಟೋ ಹಾಕಿ "ಕೆಬಿಸಿಯಿಂದ 25 ಲಕ್ಷ" ಅಂತ ಬಂದಿತ್ತು. ನಂಬರ್ ಶುರುವಾಗಿದ್ದು +92ರಿಂದ, ಅಂದರೆ ಪಾಕಿಸ್ತಾನದ ಕೋಡ್. ಅಪ್ಪನ ಕಥೆ ಬೇರೆ. ತಲಪಾಡಿ ದಾಟಿದಾಗ ಮಂಜೇಶ್ವರದಲ್ಲಿ ಕೇರಳ ಲಾಟರಿ ತೆಗೆಯುವ ಚಟ. ಅದು ಸರಕಾರದ್ದೇ, ಆದರೆ ಮಾರುವುದು ಕಾಗದದ ಟಿಕೆಟ್ ಮಾತ್ರ. ಆನ್‌ಲೈನಿನಲ್ಲಿ ಕೇರಳ ಲಾಟರಿ ಕೊಡುತ್ತೇವೆ ಅನ್ನುವ ಆ್ಯಪ್ ಸುಳ್ಳು. ಇನ್ನೊಂದು, ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಡ. ಪಿನ್ ಒತ್ತಿದರೆ ಹೋಗುವುದು ನಮ್ಮದೇ.

ಕಳಿಸಿಬಿಟ್ಟಿದ್ದರೆ ನಾಚಿಕೆ ಆಮೇಲೆ ಪಡಿ. ಊರಿನಲ್ಲಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಇಲ್ಲಿ ದುಬೈಯಲ್ಲಾದರೆ ಬ್ಯಾಂಕಿಗೆ ಹೇಳಿ ದುಬೈ ಪೊಲೀಸರಿಗೆ ಇ-ಕ್ರೈಮ್ ದೂರು. ಮೆಸೇಜ್ ಅಳಿಸಬೇಡಿ.

ಕಾಪುವಿನ ಹುಡುಗನಿಗೆ ಎರಡು ತಿಂಗಳ ನಂತರ ಮತ್ತೊಂದು ಫೋನ್ ಬಂತು. ಹೋದ ದುಡ್ಡು ವಾಪಸ್ ಕೊಡಿಸುತ್ತೇವೆ, ಫೀಸ್ ಬರೀ 500 ದಿರ್ಹಮ್ ಅಂತ. ಈ ಸಲ ಅವನು ಮೆಟ್ಟಿಲಿಗೆ ಹೋಗಲಿಲ್ಲ. ಸ್ಪೀಕರ್ ಹಾಕಿ ರೂಮಿನ ಮಧ್ಯೆ ಇಟ್ಟ.