ಡೋವರ್–ಕ್ಯಾಲೇ ಫೆರಿ: ಮೋಟರ್‌ಹೋಮ್, ನಾಯಿ, ಕಡಿಮೆ ದರ

ಡೋವರ್‌ನಿಂದ ಕ್ಯಾಲೇಗೆ, ಅಂದರೆ ಬ್ರಿಟನ್ನಿನಿಂದ ಫ್ರಾನ್ಸಿಗೆ, ಮೋಟರ್‌ಹೋಮ್ (ಒಳಗೇ ಉಳಿಯಬಹುದಾದ ಗಾಡಿ) ಸಮೇತ ಹಡಗಿನಲ್ಲಿ ದಾಟುವ ನಮ್ಮ ಖರ್ಚು ಇಳಿದದ್ದು ಅಳತೆ ಟೇಪಿನಿಂದ. ದರ ನಿಲ್ಲುವುದು ಗಾಡಿಯ ಉದ್ದ, ಎತ್ತರದ ಮೇಲೆ. ಹಿಂದಿನ ಸೈಕಲ್ ಸ್ಟ್ಯಾಂಡ್, ಮೇಲಿನ ಲಗೇಜ್ ಪೆಟ್ಟಿಗೆಯೂ ಲೆಕ್ಕಕ್ಕೆ ಬರುತ್ತವೆ. ಸೈಕಲ್‌ಗಳನ್ನು ಒಳಗಿಟ್ಟು ಸ್ಟ್ಯಾಂಡ್ ಬಿಚ್ಚಿದ ಮೇಲೆ ನಮ್ಮ ಗಾಡಿ ಕೆಳಗಿನ ದರಕ್ಕೆ ಇಳಿಯಿತು. ಅಳತೆ ಕಡಿಮೆ ಬರೆದರೆ ಬಂದರಿನಲ್ಲಿ ವ್ಯತ್ಯಾಸ ಕಟ್ಟಿಸಿಕೊಳ್ಳುತ್ತಾರೆ. ಶಾಲಾ ರಜೆಯ ಶನಿವಾರ ಬಿಟ್ಟು, ವಾರದ ನಡುವಿನ ರಾತ್ರಿ ಹಡಗು ನೋಡಿ.

ನಾಯಿಗೆ ಟಿಕೆಟ್‌ಗಿಂತ ಕಾಗದಪತ್ರವೇ ದುಬಾರಿ. ಮೊದಲು ಮೈಕ್ರೋಚಿಪ್ (ಚರ್ಮದಡಿ ಹಾಕುವ ಗುರುತಿನ ಚಿಪ್), ಆಮೇಲೆ ರೇಬೀಸ್ ಲಸಿಕೆ. ಕ್ರಮ ತಪ್ಪಿದರೆ ಲಸಿಕೆ ಮತ್ತೆ ಹಾಕಿಸಬೇಕು. ಮೊದಲ ಲಸಿಕೆಯ ನಂತರ 21 ದಿನ ಕಾಯಬೇಕು. ಆರೋಗ್ಯ ಪ್ರಮಾಣಪತ್ರವನ್ನು ಫ್ರಾನ್ಸ್ ಪ್ರವೇಶಕ್ಕೆ ಮುಂಚಿನ 10 ದಿನದೊಳಗೆ ಪಶುವೈದ್ಯರಿಂದ ಪಡೆಯಬೇಕು. ಒಂದೇ ಪತ್ರದಲ್ಲಿ 5 ಪ್ರಾಣಿಗಳವರೆಗೆ ಸೇರಿಸಬಹುದು, ದೊಡ್ಡ ಉಳಿತಾಯ ಇಲ್ಲೇ.

ಹಿಂದಿರುಗುವಾಗ ಹೆಚ್ಚಿನವರು ಸಿಕ್ಕಿಬೀಳುವುದು ಲಾಡಿಹುಳದ ಮಾತ್ರೆಯಲ್ಲಿ. ಬ್ರಿಟನ್ ತಲುಪುವ 24ರಿಂದ 120 ಗಂಟೆ ಮೊದಲು ಪಶುವೈದ್ಯರೇ ನಾಯಿಗೆ ಕೊಟ್ಟು, ದಿನಾಂಕದ ಜೊತೆ ಸಮಯವನ್ನೂ ಬರೆದಿರಬೇಕು. ಸಮಯ ಖಾಲಿ ಬಿಟ್ಟಿದ್ದರೆ ಹಡಗು ಹತ್ತಿಸುವುದಿಲ್ಲ. ಬೆಕ್ಕಿಗೆ ಇದು ಬೇಡ.

ದಾಟಲು ಸುಮಾರು 90 ನಿಮಿಷ. ನಾಯಿಯನ್ನು ಗಾಡಿಯಲ್ಲೇ ಬಿಡುವುದಾದರೆ ಅಲಾರಂ ಆಫ್ ಮಾಡಿ, ನೀರಿಡಿ. ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿರಲಿ.