ಹಂಚಿನ ಮನೆಯ ಪಕ್ಕದಲ್ಲಿ ಈಜುಕೊಳ: ನಾವು ಕಟ್ಟಿದ ಬಗೆ

ಪುತ್ತೂರಿನ ಕಡೆ ನಮ್ಮದು ಅಜ್ಜ ಕಟ್ಟಿಸಿದ ಹಂಚಿನ ಮನೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ, ಮುಂದೆ ಉದ್ದಕ್ಕೂ ಜಗಲಿ, ಸುತ್ತ ಅಡಿಕೆ ತೋಟ. ರಜೆಯಲ್ಲಿ ಮಕ್ಕಳೆಲ್ಲ ಸೇರಿದಾಗ ಈಜಲು ಒಂದು ಕೊಳ ಬೇಕು ಅನ್ನುವ ಮಾತು ಮನೆಯಲ್ಲಿ ತುಂಬಾ ದಿನದಿಂದ ಇತ್ತು. ನಾನು ಸಿವಿಲ್ ಎಂಜಿನಿಯರ್. ಹಾಗಾಗಿ ನಕ್ಷೆ ಬರೆಯುವುದರಿಂದ ಹಿಡಿದು ಮೇಸ್ತ್ರಿಯ ಹಿಂದೆ ನಿಂತು ಮಾಡಿಸುವವರೆಗೆ ಎಲ್ಲ ನನ್ನ ಪಾಲಿಗೆ ಬಂತು.

ಕೊಟೇಶನ್ ಕೇಳಿದಾಗ ಒಬ್ಬರು ತೋರಿಸಿದ್ದು ಗೋಡಂಬಿ ಆಕಾರದ ಕೊಳ, ತಳಕ್ಕೆಲ್ಲ ನೀಲಿ ಮೊಸಾಯಿಕ್, ಮೂಲೆಯಲ್ಲಿ ಸಿಂಹದ ಬಾಯಿಂದ ಬೀಳುವ ನೀರು. ಇನ್ನೊಬ್ಬರು, "ಹಳೇ ಕಾಲದ ಮನೆ ಅಲ್ವಾ, ನಾಲ್ಕೂ ಕಡೆ ಮೆಟ್ಟಿಲು ಇಟ್ಟು ಕಲ್ಯಾಣಿ ಥರ ಮಾಡೋಣ" ಎಂದರು. ಕೇಳಲು ಚೆನ್ನಾಗಿತ್ತು. ನನಗೂ ಕಲ್ಯಾಣಿಗಳೆಂದರೆ ಜೀವ. ಹಂಪಿಯ ಅರಮನೆ ಆವರಣದ ಮೆಟ್ಟಿಲು ಕೊಳ, ಹಳೇಬೀಡಿನ ಹತ್ತಿರದ ಹುಲಿಕೆರೆ ಇವನ್ನು ನೋಡುತ್ತಾ ಎಷ್ಟು ಹೊತ್ತು ಬೇಕಾದರೂ ಕೂರಬಲ್ಲೆ. ಆದರೆ ಅವು ಬಯಲುಸೀಮೆಯವು. ಬೇಸಿಗೆಯಲ್ಲಿ ನೀರು ಎಷ್ಟು ಕೆಳಗೆ ಹೋದರೂ ಮನುಷ್ಯ ಅದರ ಹಿಂದೆಯೇ ಇಳಿದು ಹೋಗಬಹುದು, ಆ ಮೆಟ್ಟಿಲುಗಳಿಗೆ ಆ ಕೆಲಸವಿದೆ. ಈಜುಕೊಳದ ನೀರು ವರ್ಷವಿಡೀ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿ ನಾಲ್ಕೂ ಕಡೆ ಮೆಟ್ಟಿಲು ಕಟ್ಟಿದರೆ ಈಜುವ ಜಾಗ ಕಡಿಮೆಯಾಗುತ್ತದೆ, ತಿರುಗುವಾಗ ಮೊಣಕಾಲಿಗೆ ಪೆಟ್ಟು ಬೀಳುತ್ತದೆ.

ನಮ್ಮ ಕರಾವಳಿಯ ಹಳೇ ಮನೆ, ದೇವಸ್ಥಾನಗಳ ಕೆರೆ ನೋಡಿ. ಚೌಕ ಇಲ್ಲವೇ ಉದ್ದನೆಯ ನಾಲ್ಕು ಮೂಲೆ, ನೇರವಾಗಿ ಇಳಿದ ಮುರಕಲ್ಲಿನ ಗೋಡೆ, ಒಂದು ಬದಿಗೆ ಮೆಟ್ಟಿಲು. ನಾನು ಹಿಡಿದದ್ದು ಆ ದಾರಿ. ಕೊಳ ಮನೆಗೆ ಒಪ್ಪಬೇಕಾದರೆ ಮನೆಯ ಅಲಂಕಾರ ನೋಡಿದರೆ ಸಾಲದು, ಮನೆ ಮಳೆಯ ಜೊತೆ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡಬೇಕು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಇಳಿಜಾರು ಮಾಡು (ಛಾವಣಿ) ಇರುವುದು ಸುಮ್ನೆ ಅಲ್ಲ.

ಜಾಗ ಹುಡುಕುವಾಗ ಎದುರಿನ ಅಂಗಳವನ್ನು ಮೊದಲೇ ಬಿಟ್ಟೆವು. ಅದು ಅಡಿಕೆ ಒಣಗಿಸುವ ಜಾಗ. ಮದುವೆ, ಪೂಜೆ ಬಂದರೆ ಚಪ್ಪರ ಹಾಕುವುದೂ ಅಲ್ಲೇ. ಅಲ್ಲಿ ಕೊಳ ತೋಡಿದರೆ ಮನೆಯ ಮುಖವೇ ಹೋಗುತ್ತದೆ. ಈಶಾನ್ಯದ ಬದಿಯಲ್ಲಿ ಒಂದು ಉದ್ದನೆಯ ಖಾಲಿ ಜಾಗವಿತ್ತು. ಬೆಳಗಿನ ಬಿಸಿಲು ಬೀಳುತ್ತದೆ, ಮಧ್ಯಾಹ್ನದ ನಂತರ ಮನೆಯ ನೆರಳು ಬರುತ್ತದೆ. ವಾಸ್ತು ನೋಡುವ ಹಿರಿಯರೂ ನೀರಿಗೆ ಈಶಾನ್ಯ ಒಳ್ಳೆಯದು ಎಂದು ಒಪ್ಪಿದರು. ಬಾವಿಯಿಂದಲೂ ಶೌಚದ ಗುಂಡಿಯಿಂದಲೂ ಸಾಕಷ್ಟು ದೂರ ಇತ್ತು.

ಅಳತೆಯನ್ನು ನಾನು ಮನೆಯಿಂದಲೇ ತೆಗೆದುಕೊಂಡೆ. ಆ ಬದಿಯ ಜಗಲಿಯ ಕಂಬಗಳ ನಡುವೆ ಎಂಟೆಂಟು ಅಡಿ ಅಂತರ. ನಾಲ್ಕು ಅಂತರ ಸೇರಿಸಿದರೆ 32 ಅಡಿ, ಕೊಳದ ಉದ್ದ ಅಷ್ಟೇ. ಅಗಲ ಒಂದೂವರೆ ಅಂತರ, ಅಂದರೆ 12 ಅಡಿ. ಆಳ ಎಲ್ಲ ಕಡೆ 4 ಅಡಿ. ಜಗಲಿಯಲ್ಲಿ ಕೂತು ನೋಡಿದರೆ ಕೊಳದ ಎರಡೂ ತುದಿ ಕಂಬಗಳ ನೇರಕ್ಕೆ ನಿಲ್ಲುತ್ತವೆ. ಯಾಕೆ ಎಂದು ನೋಡಿದವರಿಗೆ ಗೊತ್ತಾಗುವುದಿಲ್ಲ, ಆದರೆ ಕೊಳ ಮೊದಲಿಂದಲೂ ಅಲ್ಲೇ ಇತ್ತೇನೋ ಅನ್ನಿಸುತ್ತದೆ. ನನಗೆ ಈ ಕೆಲಸದಲ್ಲಿ ತುಂಬಾ ಖುಷಿ ಕೊಟ್ಟ ಭಾಗ ಇದು.

ಮನೆಗೂ ಕೊಳಕ್ಕೂ ನಡುವೆ ಎಷ್ಟು ಜಾಗ ಬಿಡಬೇಕು ಅನ್ನುವುದನ್ನು ಸೂರು ಹೇಳಿತು. ಮಳೆಗಾಲದಲ್ಲಿ ಸೂರಿನಿಂದ ಬಿದ್ದ ನೀರು ನೆಲದಲ್ಲಿ ಒಂದು ಗೆರೆ ಕೊರೆದಿರುತ್ತದೆ. ಹಂಚಿನ ಮೇಲಿನ ಪಾಚಿ, ಎಲೆ, ಮಣ್ಣು ಎಲ್ಲ ಆ ಗೆರೆಗೆ ಬರುತ್ತದೆ. ಆ ಗೆರೆಯುದ್ದಕ್ಕೂ ಚರಂಡಿ ತೋಡಿ ಹೊಳೆಯ ಉರುಟು ಕಲ್ಲು ತುಂಬಿಸಿದೆವು. ಅದರಿಂದ ಇನ್ನೊಂದು ಎಂಟು ಅಡಿ ಆಚೆಗೆ ಕೊಳದ ಅಂಚು. ನೂಲು ಹಿಡಿದು ಕೊಳದ ಅಂಚನ್ನು ಗೋಡೆಗಲ್ಲ, ಆ ಸೂರಿನ ಗೆರೆಗೆ ಸಮಾನಾಂತರ ಮಾಡಿದೆ. ಹಳೇ ಮನೆಯ ಗೋಡೆ ಅಲ್ಲಲ್ಲಿ ಇಂಚು ಎರಡಿಂಚು ಆಚೀಚೆ ಇರುತ್ತದೆ. ಕಣ್ಣು ಓದುವುದು ಮಾಡಿನ ಅಂಚನ್ನು.

ಕಲ್ಲಿನ ವಿಷಯಕ್ಕೆ ಬಂದಾಗ ಅಣ್ಣ, "ಗೋಡೆ ಮುರಕಲ್ಲಿನದು, ಕೊಳದ ಒಳಗೂ ಅದೇ ಇರಲಿ" ಎಂದ. ಆಸೆ ನನಗೂ ಇತ್ತು. ಒಂದು ತುಂಡು ಮುರಕಲ್ಲನ್ನು ಕ್ಲೋರಿನ್ ಹಾಕಿದ ಬಕೆಟ್ ನೀರಿನಲ್ಲಿ ಕೆಲವು ವಾರ ಮುಳುಗಿಸಿಟ್ಟೆ. ನೀರು ತೆಳ್ಳಗೆ ಕೆಂಪಾಯಿತು. ತಳದಲ್ಲಿ ಚಿಟಿಕೆಯಷ್ಟು ಮರಳು ಕೂತಿತ್ತು, ಕಲ್ಲನ್ನು ಬೆರಳಿನಿಂದ ಉಜ್ಜಿದರೆ ಇನ್ನಷ್ಟು ಉದುರುತ್ತಿತ್ತು. ಮುರಕಲ್ಲು ಪಣೆಯಿಂದ, ಅಂದರೆ ಕಲ್ಲಿನ ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟಷ್ಟೂ ಗಟ್ಟಿ. ಆದರೆ ಅದರ ತುಂಬಾ ತೂತು, ಒಳಗೆ ಕಬ್ಬಿಣದ ಅಂಶ. ಇಂಥ ಕಲ್ಲು ಫಿಲ್ಟರಿಗೂ ಕಷ್ಟ, ನೀರಿಗೂ ಕಷ್ಟ. ಹಾಗಾಗಿ ಮುರಕಲ್ಲನ್ನು ನೀರಿನ ಹೊರಗೆ ಇಟ್ಟೆವು: ತೋಟದ ಬದಿಯ ತಡೆಗೋಡೆ, ಕೂರುವ ಕಟ್ಟೆ, ಮಕ್ಕಳು ಒಬ್ಬರೇ ಹೋಗದಂತೆ ಸುತ್ತ ಕಟ್ಟಿದ ಆವರಣ ಗೋಡೆ. ಕೊಳದ ಅಂಚಿಗೆ ಮತ್ತು ಮೆಟ್ಟಿಲಿಗೆ ಕಾರ್ಕಳದ ಕಡೆಯ ಬೂದು ಶಿಲೆಕಲ್ಲು, ಕಾಲು ಜಾರದಂತೆ ಉಳಿಯಲ್ಲಿ ಒರಟು ಮಾಡಿಸಿದ್ದು. ನಮ್ಮ ಮನೆಯ ಹೊಸ್ತಿಲ ಮೆಟ್ಟಿಲೂ ಅದೇ ಬಗೆಯ ಕಲ್ಲಿನದು.

ಒಳಗಿನ ಬಣ್ಣಕ್ಕೆ ಜಾಸ್ತಿ ಹೊತ್ತು ಕೊಟ್ಟೆ. ನೀರಿನ ಬಣ್ಣ ಅಂತ ನಾವು ನೋಡುವುದರಲ್ಲಿ ಬಹುಪಾಲು ತಳದ ಬಣ್ಣ. ನೀಲಿ ಟೈಲ್ ಹಾಕಿದರೆ ಸಮುದ್ರ ತೀರದ ರೆಸಾರ್ಟಿನ ನೀರು. ಕೆಂಪು ಹಂಚು, ಕೆಂಪು ಕಲ್ಲು, ಹಸಿರು ತೋಟದ ನಡುವೆ ಆ ನೀಲಿ ಕಣ್ಣಿಗೆ ಹೊಡೆಯುತ್ತದೆ. ಟೈಲ್ ಮಾದರಿಗಳನ್ನು ಅಂಗಳದಲ್ಲಿ ಸಾಲಾಗಿಟ್ಟು, ನೀರು ಹೊಯ್ದು, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನೋಡಿದೆವು. ಒಣಗಿದ್ದಾಗ ಚೆಂದ ಕಂಡದ್ದು ಒದ್ದೆಯಾದ ಮೇಲೆ ಬೇರೆಯೇ ಆಗುತ್ತಿತ್ತು. ಕೊನೆಗೆ ಹಸಿರು ಸೇರಿದ ನಡು ಬೂದು ಬಣ್ಣ ಗೊತ್ತು ಮಾಡಿದೆವು. ಕಪ್ಪು ಹಾಕಿದರೆ ಮಾಡಿನ ಪ್ರತಿಬಿಂಬ ಇನ್ನೂ ಚೆನ್ನಾಗಿ ಬೀಳುತ್ತಿತ್ತು ನಿಜ. ಆದರೆ ಕಪ್ಪು ತಳದಲ್ಲಿ ಮುಳುಗಿದ ಮಗು ಬೇಗ ಕಾಣುವುದಿಲ್ಲ. ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ. ಪ್ರತಿ ಮೆಟ್ಟಿಲ ಅಂಚಿಗೂ ಒಂದು ಬಿಳಿ ಪಟ್ಟಿ ಕೂರಿಸಿದೆವು.

ಇನ್ಫಿನಿಟಿ ಅಂಚು, ಅಂದರೆ ನೀರು ಒಂದು ಬದಿಯ ಅಂಚಿನ ಮೇಲಿಂದಲೇ ತುಂಬಿ ಹರಿಯುವ ಹಾಗೆ ಮಾಡು ಎಂದು ಗೆಳೆಯರು ಹೇಳಿದರು. ಶ್ರೀಲಂಕಾದಲ್ಲಿ ಜೆಫ್ರಿ ಬಾವಾ ವಿನ್ಯಾಸ ಮಾಡಿದ ಕಂಡಲಮ ಹೋಟೆಲಿನ ಕೊಳಕ್ಕೆ ಆ ಅಂಚು ಒಪ್ಪುತ್ತದೆ, ಯಾಕೆಂದರೆ ಎದುರಿಗೇ ದೊಡ್ಡ ಹಳೇ ಕೆರೆ ಇದೆ. ಕೊಳದ ನೀರು ಹೋಗಿ ಆ ನೀರಿಗೆ ಸೇರಿದ ಹಾಗೆ ಕಾಣುತ್ತದೆ. ನಮ್ಮ ಎದುರಿಗೆ ಇರುವುದು ಅಡಿಕೆ ಮರ. ನೀರು ಅಂಚಿನಿಂದ ಕೆಳಗೆ, ಮೇಲೆ ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರಿನ ಮಟ್ಟದಲ್ಲಿ ನಿಲ್ಲುವುದೇ ಸರಿ ಅನ್ನಿಸಿತು. ಹಳೇ ಕೆರೆಗಳಲ್ಲೂ ನೀರಿನ ಮೇಲೆ ಒಂದು ಪಟ್ಟಿ ಕಲ್ಲು ಕಾಣುತ್ತದಲ್ವಾ, ಹಾಗೆ. ತುಂಬಿ ಹರಿಯುವ ನೀರನ್ನು ಹಿಡಿಯಲು ಬೇರೆ ಟ್ಯಾಂಕ್ ಕಟ್ಟುವ ಖರ್ಚೂ ಉಳಿಯಿತು.

ಕಾಣದ ಕೆಲಸದಲ್ಲಿ ಮಳೆಗಾಲದ ಲೆಕ್ಕವೇ ದೊಡ್ಡದು. ಜೂನ್-ಜುಲೈಯಲ್ಲಿ ಅಂತರ್ಜಲ ಮೇಲೆ ಬರುತ್ತದೆ. ಆಗ ಕೊಳ ಖಾಲಿ ಇದ್ದರೆ ಕೆಳಗಿನ ನೀರು ಇಡೀ ಕಾಂಕ್ರೀಟ್ ತೊಟ್ಟಿಯನ್ನೇ ಮೇಲಕ್ಕೆ ಒತ್ತುತ್ತದೆ. ಒಂದು ಮೀಟರ್ ನೀರಿಗೆ ಚದರ ಮೀಟರಿಗೆ ಒಂದು ಟನ್ ಒತ್ತಡ. ಅದಕ್ಕೇ ತೊಟ್ಟಿಯ ಕೆಳಗೆ ಜಲ್ಲಿ ಹಾಸು, ಸುತ್ತ ತೂತಿನ ಪೈಪು, ಅದರ ನೀರು ತೋಟದ ಕಣಿಗೆ (ಕಾಲುವೆಗೆ). ತಳದಲ್ಲಿ ಒತ್ತಡ ಇಳಿಸುವ ವಾಲ್ವ್ ಕೂಡ ಇದೆ. ಕಾಂಕ್ರೀಟ್ ಎಂ30 ದರ್ಜೆಯದು, ನೀರು ನಿಲ್ಲುವ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 3370 ಪ್ರಕಾರ. ಟೈಲ್ ಹಾಕುವ ಮೊದಲೇ ನೀರು ತುಂಬಿಸಿ, ಮಟ್ಟ ಗುರುತು ಹಾಕಿ, ಸೋರಿಕೆ ಇಲ್ಲ ಎಂದು ಖಾತ್ರಿ ಮಾಡಿಕೊಂಡೆವು. ತಳದಲ್ಲಿ ನೀರು ಎಳೆಯುವ ಬಾಯಿ ಎರಡು, ನಡುವೆ ಮೂರಡಿಗಿಂತ ಜಾಸ್ತಿ ಅಂತರ. ಒಂದೇ ಬಾಯಿ ಇದ್ದರೆ ಕೂದಲೋ ಮೈಯೋ ಅದಕ್ಕೆ ಸಿಕ್ಕಿಕೊಳ್ಳುವ ಅಪಾಯ ಇರುತ್ತದೆ.

ಒಂದು ದಿನಕ್ಕೆ 100 ಮಿ.ಮೀ. ಮಳೆ ನಮಗೆ ಹೊಸದಲ್ಲ. ಅಷ್ಟು ಬಂದರೆ ಈ ಕೊಳದ ಮೇಲೆ ಮಾತ್ರ ಸುಮಾರು 3,500 ಲೀಟರ್ ಬೀಳುತ್ತದೆ. ಅದು ಹೊರಗೆ ಹೋಗಲು ನಾಲ್ಕಿಂಚಿನ ಪೈಪು ಇಟ್ಟಿದ್ದೇನೆ. ನೆಲದ ಕೆಂಪು ನೀರು ಒಳಗೆ ಬರದಂತೆ ಕಲ್ಲಿನ ಅಂಚು ಸುತ್ತಲಿನ ನೆಲಕ್ಕಿಂತ ನಾಲ್ಕಿಂಚು ಎತ್ತರ ಇದೆ.

ಪಂಪಿಗೆ ಹೊಸ ಕೋಣೆ ಕಟ್ಟಲಿಲ್ಲ. ಬಳಸದೆ ಬಿಟ್ಟಿದ್ದ ಕೊಟ್ಟಿಗೆಯ ಒಂದು ಮೂಲೆಯನ್ನು ಗೋಡೆ ಹಾಕಿ ಬೇರೆ ಮಾಡಿದೆವು. ಮೇಲೆ ಅದೇ ಹಂಚು. ಕೊಳದಲ್ಲಿ ಹಿಡಿಯುವುದು ಸುಮಾರು 43,000 ಲೀಟರ್. ಅದು ಆರು ಗಂಟೆಯಲ್ಲಿ ಒಮ್ಮೆ ಫಿಲ್ಟರಿನಿಂದ ತಿರುಗಿ ಬರಬೇಕಾದರೆ ಗಂಟೆಗೆ 7,000 ಲೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತುವ ಪಂಪ್ ಬೇಕು. ಕ್ಲೋರಿನ್ ಮತ್ತು ಆಸಿಡ್ ಡಬ್ಬಗಳನ್ನು ಮಾತ್ರ ಒಂದೇ ಕಡೆ ಇಡುವುದಿಲ್ಲ. ಅವೆರಡು ಬೆರೆತರೆ ವಿಷದ ಗಾಳಿ ಏಳುತ್ತದೆ.

ಈಗ ವಾರದಲ್ಲಿ ಎರಡು ಮೂರು ಸಲ ನೀರು ಪರೀಕ್ಷೆ ಮಾಡುತ್ತೇನೆ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.2ರಿಂದ 7.6, ಕ್ಲೋರಿನ್ 1ರಿಂದ 3 ಪಿಪಿಎಂ, ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ. ಮಳೆಗಾಲದಲ್ಲಿ ಎರಡೂ ಬೇಗ ಇಳಿಯುತ್ತವೆ, ಆಗ ದಿನಾ ನೋಡಬೇಕು. ತೋಟದ ನಡುವೆ ಕೊಳ ಕಟ್ಟುವವರಿಗೆ ಇನ್ನೊಂದು ವಿಷಯ ಹೇಳಲೇಬೇಕು. ಮಳೆ ಹಿಡಿಯುವ ಹೊತ್ತಿಗೆ ಅಡಿಕೆಗೆ ಕೊಳೆರೋಗ ಬರದಂತೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿ ಮೈಲುತುತ್ತ, ಅಂದರೆ ತಾಮ್ರ ಇರುತ್ತದೆ, ಸುಣ್ಣವೂ ಇರುತ್ತದೆ. ಗಾಳಿಗೆ ಹನಿ ಹಾರಿ ನೀರಿಗೆ ಬಿದ್ದರೆ ತಾಮ್ರ ಟೈಲಿನ ಮೇಲೆ ಕಲೆಯಾಗಿ ಕೂರುತ್ತದೆ. ಅದಕ್ಕೆ ಕೊಳದ ಹೊದಿಕೆಯನ್ನು ಮೊದಲಿನ ಖರ್ಚಿನ ಪಟ್ಟಿಯಲ್ಲೇ ಸೇರಿಸಿದ್ದೆ. ಔಷಧಿ ಹೊಡೆಯುವವರು ಬರುವ ಹಿಂದಿನ ಸಂಜೆಯೇ ಅದನ್ನು ಎಳೆದು ಕಟ್ಟುತ್ತೇವೆ, ಒಂದು ಒಳ್ಳೆಯ ಮಳೆ ಬಂದು ಮರದಿಂದ ಇಳಿಯುವ ಹನಿ ನಿಂತ ಮೇಲೆ ತೆಗೆಯುತ್ತೇವೆ.